ಪೂರ್ತಿ ಸ್ಟೀಲಿನ ಚಕ್ಕುಲಿ ಒರಳು

ಕಾರ್ ಶೆಡ್ಡಿನಲ್ಲಿ ಲೇತ್ ಕೂರಿಸಿಕೊಂಡ ಮೇಲೆ ಶೇಷಾದ್ರಿಗಳ ಕಣ್ಣಿಗೆ ಅಂಗಡಿ ಸಾಮಾನೆಲ್ಲ ಕಸ. ಈ ಗೋಕುಲಾಷ್ಟಮಿಗೆ ತಿರುಪಿನ ಚಕ್ಕುಲಿ ಒರಳನ್ನು ತಾವೇ ಕಡೆದು ತಂದರು. ಕೊಳವೆ, ತಿರುಪು, ನಟ್ಟು, ಎಲ್ಲ ಸ್ಟೇನ್‌ಲೆಸ್ ಸ್ಟೀಲು. ತುದಿಗೆ ಮಾತ್ರ ನಿಂಬೆಹಣ್ಣಿನ ಗಾತ್ರದ ಹಿತ್ತಾಳೆ ಹಿಡಿ.

"ಅಳಿಯಂದ್ರ ಕೈ ಚಳಕ ನೋಡೇಬಿಡೋಣ" ಎಂದು ಅತ್ತೆ ಅಡುಗೆಮನೆ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡರು.

ಎಣ್ಣೆ ಕಾದಿತ್ತು. ಹೆಂಡತಿ ಹಿಟ್ಟು ತುಂಬಿ ಕೊಟ್ಟಳು. ಶೇಷಾದ್ರಿಗಳು ಗತ್ತಿನಿಂದ ತಿರುಗಿಸಿದರು. ಎರಡು ಸುತ್ತಿಗೇ ಒರಳು ಕಿರ್ರೆಂದು ನಿಂತಿತು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಏನ್ರೀ ಆಯ್ತು?"

"ಸ್ಟೀಲಿಗೆ ಸ್ಟೀಲು ಕಚ್ಕೊಂಡಿದೆ ಕಣೆ. ನಟ್ಟು ಹಿತ್ತಾಳೇದು ಹಾಕ್ಬೇಕಿತ್ತು."

"ಹಿತ್ತಾಳೆ ಇತ್ತಲ್ರೀ, ಅದನ್ನ ಹಿಡಿಗ್ಯಾಕೆ ಹಾಕಿದ್ರಿ?"

"ನೋಡೋಕೆ ಚೆನ್ನಾಗಿರ್ಲಿ ಅಂತ."

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ಪಾಪ, ಹೋಗ್ಲಿ ಬಿಡೇ. ಅಟ್ಟದ ಮೇಲೆ ನಮ್ಮಮ್ಮ ಕೊಟ್ಟ ಹಿತ್ತಾಳೆ ಒರಳಿದೆಯಲ್ಲ, ತಗೊಂಬಾ. ನಾನೇ ಒತ್ತಿಕೊಡ್ತೀನಿ."

ಹೆಂಡತಿ ಏಣಿ ಹತ್ತಿದಳು. ಅಟ್ಟದ ಪಾತ್ರೆಗಳೆಲ್ಲ ಸದ್ದು ಮಾಡಿದವು.

"ಅಮ್ಮಾ, ಕೊಳವೆ ಮಾತ್ರ ಇದೆ. ಹಿಟ್ಟು ಒತ್ತೋ ಒಳಗಿನ ಗಟ್ಟಿ ಗುಂಡೇ ಕಾಣ್ತಿಲ್ಲ!"

ಶೇಷಾದ್ರಿಗಳು ಹೊಳೆಯುವ ಹಿಡಿಯ ಮೇಲೆ ಮೆಲ್ಲಗೆ ಅಂಗೈ ಮುಚ್ಚಿದರು.