ಬಲೆಯೊಳಗಿನ ಕೈ

ಅತ್ತೆಯ ಕೈಯಿಂದ ಒಂದು ಗೇಣು ದೂರದಲ್ಲಿ ಬಲೆಯ ಮಡಿಕೆ ಕದಲಿದ್ದನ್ನು ಕಂಡು ರಮ್ಯ ಅಳಿಲಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಅದು ಹೆಡೆ ಬಿಚ್ಚಿತು.

ಒಗೆದ ಬಟ್ಟೆಯ ಬಕೆಟ್ ಹಿಡಿದು ಹಿತ್ತಲಿಗೆ ಬಂದವಳು ನಿಂತಲ್ಲೇ ನಿಂತಳು. ಸೇಬಿನ ಗಿಡದ ಬುಡದಲ್ಲಿ ಅತ್ತೆ ಮುನಿಲಕ್ಷ್ಮಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವರ ಬಲಗೈ ಮೊಣಕೈವರೆಗೂ ಬಲೆಯ ಒಳಗಿತ್ತು. ಗಿಡ ಅರೆಗಿಡ್ಡ ತಳಿಯದು. ಮೂರು ವರ್ಷವಾದರೂ ಆಳೆತ್ತರ ದಾಟಿರಲಿಲ್ಲ, ಕೆಳಗಿನ ಕೊಂಬೆಗಳು ಕೂತವರ ಕೈಗೂ ಎಟುಕುತ್ತಿದ್ದವು. ಕೆಂಗೇರಿಯಲ್ಲಿ ಸೇಬು ಬಿಡುತ್ತದೆಯೇ ಎಂದು ನಕ್ಕವರೆಲ್ಲ ಈ ಮೇ ತಿಂಗಳಲ್ಲಿ ಬಂದು, ಹನ್ನೊಂದು ಕಾಯಿ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿದ್ದರು. ಡಿಸೆಂಬರಿನಲ್ಲಿ ಒಂದೊಂದೇ ಎಲೆ ಕಿತ್ತು, ಗಿಡಕ್ಕೆ ಚಳಿಗಾಲ ಬಂತೆಂದು ನಂಬಿಸಿದವಳು ರಮ್ಯ. ಅಳಿಲು, ಗಿಳಿಗಳ ಕಾಟ ತಡೆಯಲಾರದೆ ಹೋದ ವಾರ ನೈಲಾನ್ ಬಲೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದವಳೂ ಅವಳೇ.

ಆ ಬಲೆಯಲ್ಲಿ ಈಗ ನಾಗರಹಾವು ಸಿಕ್ಕಿಕೊಂಡಿತ್ತು. ಅದರ ನಡು ದಾರಗಳಲ್ಲಿ ಬಿಗಿದುಹೋಗಿ, ಹೆಡೆಯ ಕಡೆಯ ಒಂದಡಿಯಷ್ಟು ಮೈ ಮಾತ್ರ ಸಡಿಲವಾಗಿತ್ತು.

“ಬಂದ್ಯಾ?” ಮುನಿಲಕ್ಷ್ಮಮ್ಮ ತಲೆ ತಿರುಗಿಸದೆ ಕೇಳಿದರು. “ಕಾಯಿ ಬಲಿತೈತೇನೋ ಅಂತ ಮುಟ್ಟಿ ನೋಡ್ದೆ ಕಣವ್ವ. ಈ ಕಡಗ ಸಿಕ್ಕಾಕ್ಕೊಂಡ್ ಬಿಡ್ತು.”

ಕೀಲುನೋವಿಗೆಂದು ಹಾಕಿಕೊಂಡಿದ್ದ ತಾಮ್ರದ ಕಡಗದ ತುದಿಗೆ ದಾರ ಸುತ್ತಿಕೊಂಡಿತ್ತು. ಕೈ ಎಳೆದರೆ ಬಲೆ ಜಗ್ಗುತ್ತದೆ, ಬಲೆ ಜಗ್ಗಿದರೆ ಹಾವು ಸುಮ್ಮನಿರುವುದಿಲ್ಲ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರಿಗೆ ಕಂಡಿರಲಾರದು, ಕಂಡಿದ್ದರೆ ಇಷ್ಟು ಹೊತ್ತಿಗೆ ಬೆಚ್ಚಿ ಕೈ ಎಳೆದುಕೊಳ್ಳುತ್ತಿದ್ದರು ಎಂದು ರಮ್ಯಳಿಗೆ ಅನಿಸಿತು.

“ಅಲ್ಲಾಡ್ಬೇಡಿ ಅತ್ತೆ. ಬಲೆ ಹರಿದುಹೋಗುತ್ತೆ. ಕತ್ತರಿ ತರ್ತೀನಿ,” ಎಂದಳು.

“ಹೂಂ. ಬೇಗ ಬಾ.”

ಒಳಗೆ ಬಂದು ಹಾವು ಹಿಡಿಯುವ ಹನುಮೇಶನಿಗೆ ಫೋನ್ ಮಾಡಿದಳು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅವನ ನಂಬರಿತ್ತು.

“ಬಿನ್ನಿಪೇಟೇಲಿದೀನಿ ಮೇಡಂ. ಎಷ್ಟೇ ಬೇಗ ಬಂದ್ರೂ ಮುಕ್ಕಾಲು ಗಂಟೆ ಆಗುತ್ತೆ. ಯಾರೂ ಹತ್ರ ಹೋಗ್ಬೇಡಿ.”

“ನಮ್ಮತ್ತೆ ಕೈ ಬಲೆ ಒಳಗಿದೆ.”

“ಮುಕ್ಕಾಲು ಗಂಟೆ ಹಾಗೇ ಇಟ್ಕೊಂಡಿರೋಕೆ ಅವರ ಕೈಲಾಗಲ್ಲ,” ಎಂದ ಹನುಮೇಶ. “ಕಡಗದ ಹತ್ರ ಇರೋ ದಾರ ಮಾತ್ರ ಒಂದೊಂದೇ ಕತ್ತರಿಸಿ. ಬಲೆ ಜಗ್ಗಬಾರ್ದು. ನಿಮ್ಮ ನೆರಳು ಅದ್ರ ಮೇಲೆ ಬೀಳ್ಬಾರ್ದು.”

ಕತ್ತರಿ ಕೈಗೆ ಬಂತು, ಕಾಲು ಬರಲಿಲ್ಲ. ಅತ್ತೆಯ ಕೈ ಇರುವ ಕಡೆಗೇ ತನ್ನ ಕೈಯನ್ನೂ ಚಾಚಬೇಕು. ಪಕ್ಕದ ಮನೆಯವರನ್ನು ಕರೆಯೋಣವೇ? ಕೂಗಿದರೆ ಅತ್ತೆಗೆ ಗೊತ್ತಾಗುತ್ತದೆ. ಗಂಡ ಯಶ್ವಂತನಿಗೆ ಹೇಳೋಣವೇ? ಆಫೀಸಿನಿಂದ ಅವನು ಬರುವಷ್ಟರಲ್ಲಿ ಹನುಮೇಶನೇ ಬಂದಿರುತ್ತಾನೆ. ಹಿತ್ತಲ ಬಾಗಿಲಿನ ಚಿಲಕ ಹಿಡಿದುಕೊಂಡು, ಹೊರಗೆ ಹೋಗದಿರಲು ಒಂದು ಒಳ್ಳೆಯ ಕಾರಣ ಸಿಗಬಹುದೇ ಎಂದು ಅವಳು ಹುಡುಕುತ್ತಲೇ ಇದ್ದಳು. ಹೊರಗೆ ಮುನಿಲಕ್ಷ್ಮಮ್ಮ ಒಮ್ಮೆ ಕೆಮ್ಮಿದರು. ಬಲೆ ಅಲುಗಿರಬೇಕು, ಬುಸ್ಸೆಂಬ ಸದ್ದು ಬಾಗಿಲವರೆಗೂ ಬಂತು.

ರಮ್ಯ ಚಪ್ಪಲಿ ಬಿಟ್ಟು ಹಿತ್ತಲಿಗಿಳಿದಳು. ನೆರಳು ಹಿಂದಕ್ಕೆ ಬೀಳುವಂತೆ ಬಳಸಿಕೊಂಡು ಹೋಗಿ ಅತ್ತೆಯ ಭುಜಕ್ಕೆ ಭುಜ ತಾಗಿಸಿ ಕೂತಳು. ಮೊದಲ ದಾರ ಕತ್ತರಿಸಿದಾಗ ಹೆಡೆ ಅವಳತ್ತ ತಿರುಗಿತು. ಎರಡನೆಯದಕ್ಕೆ ಇನ್ನಷ್ಟು ಮೇಲೆದ್ದಿತು. ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿದರೂ ಒರೆಸಿಕೊಳ್ಳುವ ಹಾಗಿರಲಿಲ್ಲ. ಐದು ನಿಮಿಷ ಒಂದೆಡೆ ಕೂರದ ಮುನಿಲಕ್ಷ್ಮಮ್ಮ ಅದೇಕೋ ಏನೂ ಕೇಳದೆ, ಬೆರಳನ್ನೂ ಆಡಿಸದೆ ಕೂತಿದ್ದರು. ನಾಲ್ಕನೆಯ ದಾರ ಬಿಟ್ಟಾಗ ಕಡಗ ಸಡಿಲವಾಯಿತು.

“ನಿಧಾನಕ್ಕೆ ತಗೊಳ್ಳಿ.”

ಕೈ ಇಂಚಿಂಚಾಗಿ ಹಿಂದೆ ಬಂತು. ಬೆರಳ ತುದಿ ಬಲೆಯಿಂದ ಈಚೆ ಬೀಳುತ್ತಿದ್ದಂತೆ ಹಾವು ಎರಗಿತು. ಕೈ ಇದ್ದ ಜಾಗದಲ್ಲಿ ತೂಗುತ್ತಿದ್ದ ಕಾಯಿಗೆ ಅದರ ಬಾಯಿ ಬಡಿದ ಸದ್ದು ಇಬ್ಬರಿಗೂ ಕೇಳಿಸಿತು. ರಮ್ಯ ಅತ್ತೆಯ ರಟ್ಟೆ ಹಿಡಿದು ಎಳೆದುಕೊಂಡು ಹಿಂದಕ್ಕೆ ಬಿದ್ದಳು.

ಹನುಮೇಶ ಬಂದು ಬಲೆ ಕತ್ತರಿಸಿ ಹಾವನ್ನು ಚೀಲಕ್ಕೆ ಇಳಿಸಿದ. ದಾರ ಅದರ ಮೈಯನ್ನು ಕೊರೆದಿತ್ತು. ಎರಡು ದಿನದಿಂದ ಒದ್ದಾಡುತ್ತಿದ್ದಿರಬೇಕು, ಮೊದಲು ಔಷಧಿ ಹಚ್ಚಿಸಿ ಆಮೇಲೆ ಬಿಡುತ್ತೇನೆ ಎಂದು ಹೇಳಿ ಹೊರಟುಹೋದ. ಆಮೇಲೆ ರಮ್ಯ ಕಾಫಿ ಬೆರೆಸಿ ಅತ್ತೆಗೆ ಕೊಟ್ಟು, ಎದುರಿಗೆ ನೆಲದ ಮೇಲೆ ಕೂತಳು.

“ಸದ್ಯ, ನಿಮಗೆ ಕಾಣ್ಲಿಲ್ಲ.”

“ಕಾಣ್ದೆ ಏನು? ಪೊರೆ ಬಂದಿರೋದು ದೂರದ್ ನೋಟಕ್ಕೆ. ಗೇಣುದ್ದದಾಗಿರೋದು ಚೆನ್ನಾಗೇ ಕಾಣ್ತದೆ.” ಮುನಿಲಕ್ಷ್ಮಮ್ಮ ಕಾಫಿ ಗುಟುಕರಿಸಿದರು. “ನೀನು ಬರಾಕ್ ಮುಂಚೆ ಅದ್ರ ನಾಲ್ಗೆ ಎರಡ್ ಸತಿ ಬೆರಳಿಗೆ ತಗುಲ್ತು.”

ರಮ್ಯ ತಲೆಯೆತ್ತಿದಳು. “ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

ಮುನಿಲಕ್ಷ್ಮಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಹೇಳಿದ್ರೆ, ಒಳಕ್ಕೋದೋಳು ಮತ್ತೆ ಆಚೆಗೆ ಬತ್ತೀಯೋ ಇಲ್ವೋ ಅಂತ ಭಯ ಆಯ್ತು ಕಣವ್ವ.”