ಇಸ್ತ್ರಿ ಬೇಡದ ಬಟ್ಟೆ

"ಇನ್ಮೇಲೆ ನೀನು ಇಸ್ತ್ರಿಪೆಟ್ಟಿಗೆ ಮುಟ್ಟೋದೇ ಬೇಡ ಕಣೇ, ಅದು ನನ್ನ ಕೆಲಸ." ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮಂಚದ ಪಕ್ಕ ಕೂತು ಹೀಗೆ ಮಾತು ಕೊಟ್ಟಿದ್ದ ಗಂಡ, ನಾಲ್ಕು ವರ್ಷದ ಮೇಲೆ ಒಂದು ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಬಂದು ಒಂದು ಚೀಲ ಮುಂದೆ ಹಿಡಿದ. ಒಳಗೆ ಹೆಂಡತಿಗೆಂದು ತಂದ ಮೂರು ಟಾಪುಗಳಿದ್ದವು.

"ಒಗೆದು ಕೊಡವಿದ್ರೆ ಸಾಕು, ಸುಕ್ಕೇ ಬರಲ್ಲ. ಹೇಗೆ ನನ್ನ ಐಡಿಯಾ?"

ಮಗಳ ಜಡೆ ಹಿಡಿದು, ಬಾಯಲ್ಲಿ ರಬ್ಬರ್‌ ಬ್ಯಾಂಡ್‌ ಕಚ್ಚಿಕೊಂಡಿದ್ದವಳು ಅವನನ್ನೇ ನೋಡಿದಳು. ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಮಹಾರಾಯ ಕಂಡುಹಿಡಿದದ್ದು ಇದು! ಅಷ್ಟರಲ್ಲಿ ಅವನು ಮುದುಡಿಹೋದ ತನ್ನ ಹತ್ತಿಯ ಶರ್ಟನ್ನು ಅವಳ ಹೆಗಲಿಗೆ ಹಾಕಿದ. "ಇದೊಂದು ಉಜ್ಜಿಬಿಡು. ಮೀಟಿಂಗ್‌ ಇದೆ. ಆ ಥರದ ಬಟ್ಟೆ ನನಗಾಗಲ್ಲ, ಮೈಯೆಲ್ಲ ಬೆವರುತ್ತೆ."

"ನನ್ನ ಮೈಯೇನು ತಗಡಾ?"

"ನಿನಗೆ ಅಭ್ಯಾಸ ಆಗುತ್ತೆ ಬಿಡೇ."

ಅವಳು ಜಡೆ ಹಾಕಿ ಮುಗಿಸಿದಳು. ಹೆಗಲ ಮೇಲಿನ ಶರ್ಟನ್ನು ಎರಡು ಬೆರಳಲ್ಲಿ ಎತ್ತಿ ಕುರ್ಚಿಯ ಮೇಲೆ ಬಿಟ್ಟಳು. ಚೀಲದಿಂದ ಹೂವಿನ ಟಾಪೊಂದನ್ನು ತೆಗೆದು, ಚೆನ್ನಾಗಿ ಕೊಡವಿ, ಅವನ ಕೈಗಿಟ್ಟಳು. "ಇದನ್ನೇ ಹಾಕ್ಕೊಂಡು ಹೋಗಿ ರೀ. ಸುಕ್ಕೇ ಬರಲ್ವಂತೆ."

ಮಗಳು ಕಿಸಕ್ಕನೆ ನಕ್ಕಳು. ಅವಳನ್ನು ಶಾಲೆಗೆ ಬಿಟ್ಟು ಡ್ಯೂಟಿಗೆ ಹೋಗಲೆಂದು ತಾಯಿ ಕೈ ಹಿಡಿದುಕೊಂಡು ಹೊರಟಳು. ಅವತ್ತಿನಿಂದ ಅವಳು ಇಸ್ತ್ರಿಪೆಟ್ಟಿಗೆ ಮುಟ್ಟಲಿಲ್ಲ.