ಸಮುದ್ರದ ಮೀನಿನ ಎಡೆ

ಫೋನು ಬಂದಾಗ ಅಂಕಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದ. ಉಡುಪಿಯ ಕಡೆ, ಮೀನುಗಾರರ ಕೇರಿಯನ್ನು ಕಡಲು ಕೊರೆಯದಂತೆ ಕಟ್ಟುತ್ತಿದ್ದ ತಡೆಗೋಡೆಗೆ ಅವನ ಮಗ ಪ್ರಸನ್ನ ಮೇಸ್ತ್ರಿಯಾಗಿದ್ದ. ಬಿರುಗಾಳಿಗೆ ಅಲೆ ಗೋಡೆ ಹತ್ತಿ ಬಂದಿತ್ತು. ಬಂಡೆಗಳ ಮೇಲಿದ್ದ ಹುಡುಗ ಹೋಗಿಬಿಟ್ಟಿದ್ದ. ಆ ಕಡೆಯ ಅಳುವನ್ನು ಅಂಕಯ್ಯ ಕೊನೆಯವರೆಗೂ ಕೇಳಿಸಿಕೊಂಡ.

“ದೇಹ ಸಿಕ್ತಾ?”

ಸಿಕ್ಕಿರಲಿಲ್ಲ.

ಪಿತೃಪಕ್ಷ ಬಂತು. ಹೆಂಡತಿ ತೀರಿಕೊಂಡ ಮೇಲೆ ಅಂಕಯ್ಯ ಒಬ್ಬನೇ ಬೇಯಿಸಿಕೊಂಡು ಉಣ್ಣುತ್ತಿದ್ದ. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆಯಿಡಬೇಕು, ಇಲ್ಲದಿದ್ದರೆ ಜೀವ ಹಸಿದೇ ಅಲೆಯುತ್ತದೆ ಎಂದು ನಂಬಿದವನು ಅವನು. ನೀರಿನಲ್ಲಿ ಉಳಿದ ಹುಡುಗ ಅಷ್ಟು ದೂರ ಬಂದು ಬರಿಹೊಟ್ಟೆಯಲ್ಲಿ ತಿರುಗಬಾರದು.

ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಹೋದ. ಮೀನು ಮಾರುವ ಹೊಂಬಾಳಮ್ಮನ ಮುಂದೆ ಸಂಕೋಚದಿಂದ ನಿಂತ.

“ಬಂಗುಡೆ ಐತೇನವ್ವ?”

“ಅಣೆ ತುಂಬ ನಾಮ ಇಕ್ಕೊಂಡು ಮೀನ್ ಕೇಳ್ತೀಯಲ್ಲಯ್ಯ. ಕಾವೇರಿ ಮೀನೈತೆ, ತಕ್ಕೊಂಡೋಗು.”

“ಸಮುದ್ರದ್ದೇ ಆಗ್ಬೇಕು ಕಣವ್ವ. ಎಡೆಗೆ. ಉಡುಗ ಅದಿದ್ರೇ ಉಣ್ತಿದ್ನಂತೆ.”

ಅವಳ ನಗು ನಿಂತಿತು. “ಮಗನಾ?”

“ಇನ್ಯಾರವ್ವ ಇಡೋರು ಅವಂಗೆ?”

ಅವಳು ಬಂಗುಡೆಗಳನ್ನು ತಾನೇ ಸೀಳಿ ತೊಳೆದು ಕೊಟ್ಟಳು. “ಉಪ್ಪು ಅರಿಸಿನ ಸವರಿ ಇಟ್ಬುಡು. ವಾಸ್ನೆ ಓಯ್ತದೆ.”

ಬಟ್ಟೆಯಂಗಡಿಯಲ್ಲಿ ಅಂಗಿಯ ಅಳತೆ ಕೇಳಿದರು. ಅಂಕಯ್ಯ ಅಂಗಿಯನ್ನು ಮಡಿಸಿ ವಾಪಸ್ಸಿಟ್ಟ. ಕೊನೆಗೆ ಪಂಚೆ ಕೊಂಡ.

ಎಂದೂ ಮೀನು ಕಾಣದ ಒಲೆಯ ಮೇಲೆ ಸಾರು ಕುದಿಯಿತು. ವಾಸನೆಗೆ ಹೆಗಲ ಟವಲನ್ನು ಮೂಗಿಗೆ ಕಟ್ಟಿಕೊಂಡು ಅವನು ಸೌಟಾಡಿಸಿದ. ಬಾಳೆಯೆಲೆ ಹಾಸಿ, ಅನ್ನ, ಮೀನು, ಮಗ್ಗುಲಲ್ಲಿ ಹೊಸ ಪಂಚೆ ಇಟ್ಟ. ಫೋಟೋ ಇಡುವ ಜಾಗದಲ್ಲಿ ನೀರು ತುಂಬಿದ ಚೊಂಬು ಇಟ್ಟ. ಹುಡುಗನ ಮುಖ ನೆನೆಯಲು ಕಣ್ಣು ಮುಚ್ಚಿದ. ಯಾವ ಮುಖವೂ ಬರಲಿಲ್ಲ. ಕರ್ಪೂರ ಹಚ್ಚಿ, ಹೋದವನು ಬಂದು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿಕೊಂಡು ಹೊರಬಂದ.

ಜಗುಲಿಯಲ್ಲಿ, ಆಗಷ್ಟೇ ಬಸ್ಸಿಳಿದು ಬಂದ ಪ್ರಸನ್ನ ಹೆಗಲ ಚೀಲವನ್ನೂ ಇಳಿಸದೆ ಮುಚ್ಚಿದ ಬಾಗಿಲಿಗೆ ಕೈಮುಗಿದ: “ಅಲೆ ಬಾಯಿಂದ ನನ್ನ ದಡಕ್ಕೆ ನೂಕಿ ನೀನೋದೆ ಕಣ್ಲಾ ಸೇಖರ, ಇಂದೆಮುಂದೆ ಯಾರೂ ಇಲ್ಲ ಅಂದ್ಕೋಬ್ಯಾಡ, ನಮ್ಮಪ್ಪ ಇಟ್ಟವ್ನೆ, ಉಂಡು ತಣ್ಣಗಿರಪ್ಪ.”